ಒಂದು ಹಗ್ಗ, ಒಂದು ರಿಬ್ಬನ್: ಮನೆಯಲ್ಲೇ ಅಲೆ ಅಳೆಯುವುದು ಹೇಗೆ?

ಹೈಸ್ಕೂಲಿನ ಭೌತಶಾಸ್ತ್ರ ಪುಸ್ತಕದಲ್ಲಿ ತರಂಗ ಅಂದರೆ ಹಾಳೆಯ ಮೇಲೆ ಸುಮ್ನೆ ಮಲಗಿರುವ ಒಂದು ಡೊಂಕು ಗೆರೆ. ಅದು ಓಡುವುದೇ ಇಲ್ಲ. ಅರ್ಧ ಗೊಂದಲ ಹುಟ್ಟುವುದು ಅಲ್ಲೇ. ಹಾಗಾಗಿ ಮೊದಲು ಹಗ್ಗ ಹಿಡಿಯೋಣ, ಪುಸ್ತಕ ಆಮೇಲೆ.

ಬೆರಳು ದಪ್ಪದ ಹತ್ತಿ ಹಗ್ಗ, ಬಣ್ಣದ ರಿಬ್ಬನ್ ತುಂಡು, ಅಳತೆ ಟೇಪು, ಫೋನಿನ ಸ್ಟಾಪ್‌ವಾಚ್ ಇಷ್ಟು ಸಾಕು. ತೆಳು ದಾರ ಬೇಡ. ಅದರಲ್ಲಿ ಅಲೆ ಕಣ್ಣಿಗೆ ಸಿಗದಷ್ಟು ಬೇಗ ಓಡಿಬಿಡುತ್ತದೆ.

ಮೊದಲ ಹೆಜ್ಜೆ: ಒಂದೇ ಉಬ್ಬು

ಹಗ್ಗದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಬಿಗಿಯಾಗಿ ಕಟ್ಟಿ. ನಡುವೆ ರಿಬ್ಬನ್ ಕಟ್ಟಿ. ಸರಳಿನಿಂದ ನಿಮ್ಮ ಕೈಗೆ 5 ಮೀಟರ್ ಇರಲಿ. ಹಗ್ಗ ನೆಲಕ್ಕೆ ತಾಗದಷ್ಟು ಎಳೆದು ಹಿಡಿದು, ಕೈಯನ್ನು ಒಮ್ಮೆ ಪಟ್ಟನೆ ಎತ್ತಿ ಇಳಿಸಿ.

ಉಬ್ಬು ಓಡಿತು. ರಿಬ್ಬನ್? ಎದ್ದಿತು, ಇಳಿಯಿತು, ಅಲ್ಲೇ ಇದೆ. ಸರಳಿನವರೆಗೆ ಹೋದದ್ದು ಶಕ್ತಿ, ಹಗ್ಗವಲ್ಲ. ಅಲೆ ಸಾಗುವ ದಿಕ್ಕಿಗೆ ಅಡ್ಡಲಾಗಿ ರಿಬ್ಬನ್ ಆಡಿತಲ್ಲ, ಅದಕ್ಕೇ ಇದು ಅಡ್ಡ ತರಂಗ. ಉಬ್ಬು ಸರಳಿಗೆ ಬಡಿದು ತಲೆಕೆಳಗಾಗಿ, ತಗ್ಗಾಗಿ ವಾಪಸ್ ಬರುವುದನ್ನೂ ಗಮನಿಸಿ. ನನಗೆ ಈ ಪ್ರಯೋಗದಲ್ಲಿ ಜಾಸ್ತಿ ಇಷ್ಟ ಅದೇ.

ರಿಬ್ಬನ್ ತನ್ನ ಜಾಗದಿಂದ ಎಷ್ಟು ಮೇಲೆ ಹೋಯಿತೋ ಅದು ಪಾರ. ಉಬ್ಬಿನ ತುದಿಯಿಂದ ತಗ್ಗಿನ ತಳದವರೆಗೆ ಅಳೆದರೆ ಎರಡು ಪಾರ ಆಗುತ್ತದೆ. ಪರೀಕ್ಷೆಯಲ್ಲಿ ತುಂಬಾ ಜನ ಅಂಕ ಕಳೆದುಕೊಳ್ಳುವುದು ಇಲ್ಲಿ.

ಎರಡನೇ ಹೆಜ್ಜೆ: ಅಲೆಯನ್ನು ನಿಲ್ಲಿಸಿ ಅಳೆಯಿರಿ

ಓಡುವ ಅಲೆಗೆ ಟೇಪು ಹಿಡಿಯಲು ಆಗುವುದಿಲ್ಲ, ಅಲ್ವಾ? ಅದಕ್ಕೊಂದು ಉಪಾಯ ಇದೆ. ಕೈಯನ್ನು ಸ್ವಲ್ಪವೇ, ಒಂದೇ ಲಯದಲ್ಲಿ ಆಡಿಸುತ್ತಾ ಇರಿ. ಲಯ ಸರಿಯಾದಾಗ ಹೋಗುವ ಅಲೆ, ಬರುವ ಅಲೆ ಸೇರಿ ಹಗ್ಗ ಎರಡು ಕುಣಿಕೆಗಳಾಗಿ ನಿಂತಂತೆ ಕಾಣುತ್ತದೆ. ನಡುವಿನ ರಿಬ್ಬನ್ ಹೆಚ್ಚುಕಡಿಮೆ ಅಲ್ಲಾಡುವುದೇ ಇಲ್ಲ. ಇದು ಸ್ಥಾಯಿ ತರಂಗ. ಎರಡು ಕುಣಿಕೆ ಸೇರಿದರೆ ಒಂದು ಪೂರ್ತಿ ಅಲೆ. ಅಂದರೆ ತರಂಗದೂರ 5 ಮೀಟರ್.

ಈಗ 10 ಸಲ ಕೈ ಆಡಿಸಲು ಎಷ್ಟು ಹೊತ್ತು ಬೇಕೆಂದು ನೋಡಿ. 8 ಸೆಕೆಂಡ್ ಬಂತು ಅಂದುಕೊಳ್ಳಿ. ಒಂದು ಸಲಕ್ಕೆ 0.8 ಸೆಕೆಂಡ್, ಇದು ಆವರ್ತ ಕಾಲ. ಸೆಕೆಂಡಿಗೆ 1.25 ಸಲ, ಇದು ಆವೃತ್ತಿ, 1.25 ಹರ್ಟ್ಜ್. ಆವೃತ್ತಿಯನ್ನು ತರಂಗದೂರದಿಂದ ಗುಣಿಸಿದರೆ ವೇಗ: ಸೆಕೆಂಡಿಗೆ 6.25 ಮೀಟರ್.

ಮೂರನೇ ಹೆಜ್ಜೆ: ಮೂರು ಕುಣಿಕೆ

ಎಳೆತ ಬದಲಿಸಬೇಡಿ. ಕೈ ಮಾತ್ರ ಚುರುಕಾಗಲಿ. ಮೂರು ಕುಣಿಕೆ ಮೂಡಿದಾಗ ತರಂಗದೂರ ಸುಮಾರು 3.33 ಮೀಟರ್. ಈಗ 10 ಸಲಕ್ಕೆ ಹಿಡಿಯುವ ಹೊತ್ತು 5.3 ಸೆಕೆಂಡಿನ ಆಸುಪಾಸಿಗೆ ಇಳಿದಿರುತ್ತದೆ. ಗುಣಿಸಿ ನೋಡಿ, ಮತ್ತೆ ಹತ್ತಿರ ಹತ್ತಿರ 6.25!

ಬೇಗ ಬೇಗ ಆಡಿಸಿದರೆ ಅಲೆ ಬೇಗ ಓಡುತ್ತದೆ ಅಂತ ಎಲ್ಲರಿಗೂ ಅನ್ನಿಸುತ್ತದೆ. ಹಾಗೇನೂ ಇಲ್ಲ. ಆವೃತ್ತಿ ಕೈಯದ್ದು, ವೇಗ ಹಗ್ಗದ್ದು. ಆವೃತ್ತಿ ಏರಿದಷ್ಟೂ ತರಂಗದೂರ ಕುಗ್ಗಿ ಲೆಕ್ಕ ಸರಿ ಮಾಡುತ್ತದೆ. ವೇಗ ಹೆಚ್ಚಬೇಕಾದರೆ ಹಗ್ಗವನ್ನು ಇನ್ನೂ ಬಿಗಿಯಾಗಿ ಎಳೆಯಬೇಕು, ಇಲ್ಲವೇ ಹಗುರ ಹಗ್ಗ ತರಬೇಕು.

ಶಬ್ದದ ಲೆಕ್ಕವೂ ಇದೇ. ಗಾಳಿಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 340 ಹರ್ಟ್ಜ್ ಸ್ವರದ ತರಂಗದೂರ 1 ಮೀಟರ್, 680 ಹರ್ಟ್ಜ್‌ಗೆ ಅರ್ಧ ಮೀಟರ್. ಆದರೆ ಶಬ್ದ ನೀಳ ತರಂಗ. ಗಾಳಿಯ ಕಣಗಳು ಅಲೆ ಸಾಗುವ ದಿಕ್ಕಿನಲ್ಲೇ ಹಿಂದೆ ಮುಂದೆ ಆಡುತ್ತವೆ. ಅದನ್ನು ಹಗ್ಗದಲ್ಲಿ ತೋರಿಸಲು ಆಗದು. ಉದ್ದನೆಯ ಸ್ಪ್ರಿಂಗ್ ಆಟಿಕೆಯನ್ನು ನೆಲದ ಮೇಲೆ ಹಾಸಿ ಒಮ್ಮೆ ಮುಂದಕ್ಕೆ ತಳ್ಳಿದರೆ ಕಾಣುತ್ತದೆ.

ಈಗ ಪುಸ್ತಕ ತೆಗೆಯಿರಿ. ಚಿತ್ರದಲ್ಲಿ ಅಡ್ಡಗೆರೆಯ ಕೆಳಗೆ ಏನು ಬರೆದಿದೆ ಅಂತ ನೋಡಿ. ದೂರ ಅಂತಿದ್ದರೆ ಅದು ಒಂದು ಕ್ಷಣದಲ್ಲಿ ಇಡೀ ಹಗ್ಗದ ಫೋಟೊ. ಎರಡು ಉಬ್ಬುಗಳ ನಡುವೆ ಸಿಗುವುದು ತರಂಗದೂರ. ಕಾಲ ಅಂತಿದ್ದರೆ ಅದು ರಿಬ್ಬನ್ ಒಂದರದ್ದೇ ಕಥೆ. ಅಲ್ಲಿ ಎರಡು ಉಬ್ಬುಗಳ ನಡುವೆ ಸಿಗುವುದು ಆವರ್ತ ಕಾಲ.