ವಿಮಾನ ಅಂದ್ರೆ ನಡುಗ್ತಿದ್ದ ನಾನು ನೈರೋಬಿ ಮುಟ್ಟಿದ್ದು (ನನ್ನ ಅನುಭವ)

ಮೈಸೂರಲ್ಲಿ ಎಕ್ಸಿಬಿಷನ್‌ನ ಜಯಂಟ್ ವೀಲ್ ಹತ್ತೋಕೂ ಹೆದರೋ ನಾನು, ಮಿಷನ್ ಸೇವೆ ಶುರುಮಾಡೋಕೆ ಕೀನ್ಯಾಗೆ ಹೊರಟಾಗ ದೇವರ ಕರೆ ಬಗ್ಗೆ ಡೌಟ್ ಇರ್ಲಿಲ್ಲ, ಡೌಟ್ ಇದ್ದಿದ್ದೆಲ್ಲ ವಿಮಾನದ ಮೇಲೇನೇ. ದುಬೈಗೆ ಸುಮಾರು 4 ಗಂಟೆ, ಅಲ್ಲಿಂದ ನೈರೋಬಿಗೆ ಇನ್ನೊಂದು 5 ಗಂಟೆ, ಲೆಕ್ಕ ಹಾಕಿದ್ರೇನೇ ಹೊಟ್ಟೆ ತೊಳಸ್ತಿತ್ತು.

ಮೊದಲು ಸೀಟ್ ಬದಲಾಯಿಸ್ದೆ. ರೆಕ್ಕೆ ಹತ್ರ ಕೂತ್ರೆ ಬಾಲದ ಕಡೆಗಿಂತ ಕುಲುಕಾಟ ಕಮ್ಮಿ, ವಿಮಾನದ ತೂಕದ ಮಧ್ಯ ಅಲ್ಲೇ ಆಸುಪಾಸು ಬರುತ್ತಲ್ಲ ಅದಕ್ಕೆ. ಕಿಟಕೀಲಿ ನೋಡಿದ್ರೆ ರೆಕ್ಕೆ ತುದಿ ಮೇಲೆ ಕೆಳಗೆ ಆಡ್ತಿತ್ತು, ಮೊದಲಾಗಿದ್ರೆ ಕಿರುಚಿರ್ತಿದ್ದೆ, ಆದ್ರೆ ಅದನ್ನ ಬಳುಕೋ ಹಂಗೇ ಮಾಡಿರ್ತಾರೆ ಅಂತ ಓದ್ಕೊಂಡು ಹೋಗಿದ್ದೆ. ಅರಬ್ಬೀ ಸಮುದ್ರದ ಮೇಲೆ ಜೋರಾಗಿ ಅಲ್ಲಾಡ್ದಾಗ, ಮಂಡ್ಯ ಕಡೆ ಹಳ್ಳಿ ರೋಡಲ್ಲಿ ಬಸ್ಸು ಗುಂಡಿಗೆ ಇಳೀತು ಅಷ್ಟೇ ಅಂದ್ಕೊಂಡೆ.

ನಿಜವಾಗ್ಲೂ ಕೆಲ್ಸ ಮಾಡಿದ್ದು ಉಸಿರು. ಬೈಬಲ್‌ನ ಕೀರ್ತನೆ 121ರಲ್ಲಿ 8 ವಚನ, ಒಂದೊಂದು ವಚನ ಮನಸಲ್ಲೇ ಹೇಳ್ಕೊಂಡು 4 ಎಣಿಸಿ ಒಳಗೆ, 6 ಎಣಿಸಿ ಹೊರಗೆ, ಮುಗಿದ್ರೆ ಮತ್ತೆ ಮೊದಲಿಂದ. ಕಾಫಿ ಮುಟ್ಲಿಲ್ಲ, ಎದೆ ಬಡಿತ ಜಾಸ್ತಿ ಮಾಡುತ್ತೆ ಅಂತ (ಮೈಸೂರೋನಿಗೆ ಇದೇ ದೊಡ್ಡ ತ್ಯಾಗ).

ಇಳಿದ್ಮೇಲೆ ಅಮ್ಮಂಗೆ ಫೋನ್ ಮಾಡಿದ್ರೆ ಭಯ ಆಯ್ತಾ ಅಂತ ಕೇಳಲೇ ಇಲ್ಲ, ಊಟ ಆಯ್ತೇನೋ ಅಂದ್ರು.