ಹಳೆಯ ಅಲಂಕಾರಿಕ ವಸ್ತು ಮತ್ತು ಜನಪದ ಕಲಾಕೃತಿಗಳ ಸಂಗ್ರಹ: ಹಿಂಬದಿಯಿಂದ ಆರಂಭಿಸಿ

ಹಳೆಯ ಅಲಂಕಾರಿಕ ವಸ್ತುವೊಂದು ಕೈಗೆ ಬಂದಾಗ ಕಣ್ಣು ಸಹಜವಾಗಿ ಅದರ ಮುಂಭಾಗದ ಕಡೆಗೇ ಹೋಗುತ್ತದೆ. ಮಾಡಿದವನು ನೋಡುಗರಿಗಾಗಿ ಅಂದಗೊಳಿಸಿದ ಭಾಗ ಅದು. ನಕಲು ಮಾಡುವವನೂ ತನ್ನ ಶ್ರಮವನ್ನೆಲ್ಲ ಸುರಿಯುವುದು ಅಲ್ಲಿಯೇ. ಆದ್ದರಿಂದ ಸಂಗ್ರಹವನ್ನು ಆರಂಭಿಸುವವರು ಮೊದಲ ದಿನದಿಂದಲೇ ವಸ್ತುವಿನ ತಳ, ಹಿಂಬದಿ, ಒಳಮೈ ಮತ್ತು ಜೋಡಣೆಯ ಸಂದುಗಳನ್ನು ನೋಡುವ ಅಭ್ಯಾಸವನ್ನು ಮಾಡಿಕೊಳ್ಳಬೇಕು, ಕಂಡದ್ದನ್ನು ಅಲ್ಲಿಯೇ ಬರೆದಿಟ್ಟುಕೊಳ್ಳಬೇಕು. ಈ ಎರಡು ಅಭ್ಯಾಸಗಳಿಗೆ ಹಣ ಬೇಕಿಲ್ಲ. ಒಂದು ಭೂತಗನ್ನಡಿ, ಒಂದು ಪುಟ್ಟ ಟಾರ್ಚು, ಒಂದು ಅಳತೆಪಟ್ಟಿ, ಒಂದು ಪುಸ್ತಕ ಮತ್ತು ಪೆನ್ಸಿಲು ಸಾಕು.

ಏನನ್ನು ಸಂಗ್ರಹಿಸಬೇಕೆಂಬುದನ್ನು ಆದಷ್ಟು ಕಿರಿದಾಗಿ ನಿರ್ಧರಿಸಿಕೊಳ್ಳುವುದು ಒಳ್ಳೆಯದು. ಕಂಡದ್ದನ್ನೆಲ್ಲ ಕೊಳ್ಳುವವರಿಗೆ ವರ್ಷಗಳು ಕಳೆದರೂ ಯಾವುದೊಂದರ ಪರಿಚಯವೂ ಆಳವಾಗುವುದಿಲ್ಲ. ಮರದ ಮುಖವಾಡ, ಎರಕದ ದೀಪ, ಕಸೂತಿ ಬಟ್ಟೆ ಹೀಗೆ ಒಂದೇ ಜಾತಿಯ ನೂರು ವಸ್ತುಗಳನ್ನು ನೋಡಿದವರಿಗೆ ನೂರೊಂದನೆಯದರ ಹೆಚ್ಚುಕಡಿಮೆ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಪುರಾತನ ವಸ್ತುಗಳಿಗೂ ಜನಪದ ಕಲೆಗೂ ಇರುವ ವ್ಯತ್ಯಾಸವನ್ನು ಇಲ್ಲಿಯೇ ಹೇಳಬೇಕು. ಅಂತರರಾಷ್ಟ್ರೀಯ ಸುಂಕದ ವರ್ಗೀಕರಣದಲ್ಲಿ 100 ವರ್ಷಕ್ಕಿಂತ ಹಳೆಯದಾದ ವಸ್ತುವನ್ನು ಪುರಾತನವೆಂದು ಪರಿಗಣಿಸುತ್ತಾರೆ. ಜನಪದ ಕಲೆಗೆ ಅಂಥ ವಯಸ್ಸಿನ ಗೆರೆಯಿಲ್ಲ. ಜಪಾನಿನ ಚಿಂತಕ ಯಾನಾಗಿ ಸೋಎತ್ಸು ಮತ್ತು ಅವರ ಗೆಳೆಯರು 1925ರಲ್ಲಿ ‘ಮಿಂಗೇ’, ಅಂದರೆ ಜನರ ಕಲೆ, ಎಂಬ ಪದವನ್ನು ರೂಪಿಸಿದಾಗ ಅವರ ಕಣ್ಣೆದುರಿಗಿದ್ದದ್ದು ಹೆಸರಿಲ್ಲದ ಕುಶಲಕರ್ಮಿಗಳು ದಿನಬಳಕೆಗಾಗಿ ಮಾಡಿದ ಬಟ್ಟಲು, ಬುಟ್ಟಿ, ಬಟ್ಟೆಗಳು; ಅಂಥ ವಸ್ತುಗಳಿಗಾಗಿಯೇ 1936ರಲ್ಲಿ ಟೋಕಿಯೊದಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆಯಿತು. ವಾಸ್ತುವಿನ್ಯಾಸಕ ಅಲೆಕ್ಸಾಂಡರ್ ಗಿರಾರ್ಡ್ 1978ರಲ್ಲಿ ಅಮೆರಿಕದ ಸಾಂಟಾ ಫೆಯ ಜನಪದ ಕಲಾ ಸಂಗ್ರಹಾಲಯಕ್ಕೆ ಒಂದು ಲಕ್ಷಕ್ಕೂ ಹೆಚ್ಚು ವಸ್ತುಗಳನ್ನು ಕೊಟ್ಟರು. ಅವುಗಳಲ್ಲಿ ಹೆಚ್ಚಿನವು ಆಟಿಕೆಗಳು, ಪುಟ್ಟ ಗೊಂಬೆಗಳು, ಸಾಮಾನ್ಯ ಜನರ ಕೈಕೆಲಸಗಳು. ಅಗ್ಗದ ವಸ್ತುಗಳಿಂದಲೂ ಘನವಾದ ಸಂಗ್ರಹ ಬೆಳೆಯಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಕೊಳ್ಳುವ ಮೊದಲು ಓದುವುದನ್ನು ಕಲಿಯಬೇಕು. ಮರದಿಂದ ಆರಂಭಿಸಿದರೆ ಬೇಗ ಕೈ ಹಿಡಿಯುತ್ತದೆ, ಏಕೆಂದರೆ ಮರ ತನ್ನ ಚರಿತ್ರೆಯನ್ನು ಅಷ್ಟು ಸುಲಭವಾಗಿ ಮುಚ್ಚಿಡುವುದಿಲ್ಲ. ಒಣಗುವಾಗ ಮರ ತನ್ನ ಎಳೆಯ ಉದ್ದಕ್ಕೆ ಬಹಳ ಕಡಿಮೆ, ಎಳೆಗೆ ಅಡ್ಡಲಾಗಿ ಹೆಚ್ಚು ಕುಗ್ಗುತ್ತದೆ. ಹೀಗಾಗಿ ತಿರುಗಣಿಯಲ್ಲಿ ಸರಿಯಾಗಿ ದುಂಡಗೆ ಕಡೆದ ತಟ್ಟೆ ಕಾಲ ಕಳೆದಂತೆ ತುಸು ಅಂಡಾಕಾರಕ್ಕೆ ತಿರುಗುತ್ತದೆ. ಎರಡು ದಿಕ್ಕಿನಲ್ಲಿ ಅಳೆದಾಗ ಕೆಲವು ಮಿಲಿಮೀಟರುಗಳ ವ್ಯತ್ಯಾಸ ಸಿಕ್ಕಿದರೆ ಅದು ದೋಷವಲ್ಲ, ವಯಸ್ಸಿನ ಪರವಾದ ಸಾಕ್ಷಿ. ಗರಗಸದ ಗುರುತುಗಳೂ ಮಾತನಾಡುತ್ತವೆ: ಕೈಗರಗಸ ನೇರವಾದ, ಒಂದಕ್ಕೊಂದು ಪೂರ್ತಿ ಸಮಾನಾಂತರವಲ್ಲದ ಗೀರುಗಳನ್ನು ಬಿಡುತ್ತದೆ, ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಗೆ ಹರಡಿದ ಚಕ್ರಗರಗಸ ಬಿಲ್ಲಿನಂತೆ ಬಾಗಿದ ಗೀರುಗಳನ್ನು ಬಿಡುತ್ತದೆ. ಕಮ್ಮಾರ ಬಡಿದು ಮಾಡಿದ ಮೊಳೆ ಚೌಕವಾಗಿ, ತಲೆ ಅಂಕುಡೊಂಕಾಗಿ ಇರುತ್ತದೆ. ದುಂಡಗಿನ ತಂತಿಮೊಳೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಎಲ್ಲೆಡೆ ಬಂದದ್ದು. ತಲೆಯ ಮೇಲೆ ಕೂಡುಗುರುತಿನ (+) ಆಕಾರದ ತೋಡು ಇರುವ ಸ್ಕ್ರೂ 1930ರ ದಶಕಕ್ಕಿಂತ ಹಿಂದಿನದಾಗಿರಲಾರದು. ಆದರೆ ಒಂದು ಹೊಸ ಸ್ಕ್ರೂವನ್ನು ಕಂಡೊಡನೆ ಇಡೀ ವಸ್ತುವೇ ಹೊಸದೆಂದು ತೀರ್ಮಾನಿಸಬಾರದು. ಅದು ಎಂದೋ ನಡೆದ ದುರಸ್ತಿಯ ಗುರುತಾಗಿರಬಹುದು. ಸ್ಕ್ರೂವಿನ ಸುತ್ತಲಿನ ಮರ ಕಪ್ಪಾಗಿದೆಯೇ, ಪಕ್ಕದಲ್ಲಿ ಹಳೆಯ ತೂತುಗಳು ಉಳಿದಿವೆಯೇ ಎಂದು ನೋಡಿದ ಮೇಲೆ ಮಾತ್ರ ಅಭಿಪ್ರಾಯಕ್ಕೆ ಬರಬೇಕು.

ಹುಳು ಕೊರೆದ ತೂತುಗಳನ್ನು ತೋರಿಸಿ ‘ನೋಡಿ, ಎಷ್ಟು ಹಳೆಯದು’ ಎನ್ನುವ ಮಾರಾಟಗಾರರಿದ್ದಾರೆ. ಆ ತೂತುಗಳನ್ನು ಭೂತಗನ್ನಡಿಯಲ್ಲಿ ನೋಡಿ. ಹುಳು ಹೊರಬಂದ ತೂತು ದುಂಡಗೆ, ಸಾಮಾನ್ಯವಾಗಿ ಒಂದೆರಡು ಮಿಲಿಮೀಟರು ಅಗಲವಾಗಿರುತ್ತದೆ, ಒಳಗಿನ ದಾರಿ ಅಂಕುಡೊಂಕಾಗಿ ಸಾಗುತ್ತದೆ. ಸಣ್ಣ ತಂತಿಯನ್ನು ಒಳಗೆ ಬಿಟ್ಟಾಗ ಅದು ನೇರವಾಗಿ, ಒಂದೇ ಆಳಕ್ಕೆ ಎಲ್ಲ ಕಡೆಯೂ ಇಳಿದರೆ ಅದು ಹುಳುವಿನ ಕೆಲಸವಾಗಿರದೆ ಬೈರಿಗೆಯ ಕೆಲಸವಾಗಿರುವ ಸಾಧ್ಯತೆಯೇ ಹೆಚ್ಚು. ಹುಳು ಕೊರೆದ ಕಾಲುವೆಗಳು ಮೇಲ್ಮೈಯಲ್ಲಿ ಉದ್ದಕ್ಕೆ ತೆರೆದುಕೊಂಡಿದ್ದರೆ, ಮೊದಲೇ ಹುಳು ತಿಂದಿದ್ದ ಹಳೆಯ ಮರವನ್ನು ಆಮೇಲೆ ಕೊಯ್ದು ಹೊಸ ವಸ್ತುವನ್ನು ಮಾಡಿದ್ದಾರೆಂಬ ಅನುಮಾನ ಬರಲೇಬೇಕು.

ಲೋಹದ ವಸ್ತುಗಳಲ್ಲಿ ಸವೆತದ ತರ್ಕವನ್ನು ಅರಿತರೆ ಅರ್ಧ ಕೆಲಸ ಮುಗಿಯುತ್ತದೆ. ಕೈ ತಾಗುವ ಉಬ್ಬುಗಳು ನಯವಾಗಬೇಕು, ಕೈ ತಲುಪದ ಸಂದುಗಳಲ್ಲಿ ಕೊಳೆ ಮತ್ತು ಕಿಲುಬು ಉಳಿಯಬೇಕು. ಎಲ್ಲ ಕಡೆಯೂ ಒಂದೇ ಸಮನಾದ ಹಸಿರು ಬಣ್ಣವಿದ್ದರೆ ಅದು ಆಮ್ಲದಿಂದ ಬರಿಸಿದ್ದಾಗಿರಬಹುದು. ಹಿಡಿಯೇ ಸವೆಯದ, ಆದರೆ ಯಾರೂ ಮುಟ್ಟಲಾರದ ಜಾಗದಲ್ಲಿ ಗೀರುಗಳಿರುವ ಪಾತ್ರೆಯನ್ನು ನಂಬಬೇಡಿ. ಬೆಳ್ಳಿಯ ಲೇಪವುಳ್ಳ ವಸ್ತುಗಳ ವಿಷಯದಲ್ಲಿ ವಿದ್ಯುತ್ ಲೇಪನ 1840ರ ದಶಕದಿಂದ ವ್ಯಾಪಾರದ ಮಟ್ಟದಲ್ಲಿ ಬಂದದ್ದೆಂಬುದನ್ನು ನೆನಪಿಡಿ; ಹಾಗೆ ಲೇಪಿಸಿದ ವಸ್ತುವನ್ನು ಅದಕ್ಕಿಂತ ಹಿಂದಿನದೆಂದರೆ ನಂಬಬೇಡಿ.

ಪಿಂಗಾಣಿಯಲ್ಲಿ ತಳದ ಮುದ್ರೆಯೊಂದನ್ನೇ ನಂಬುವುದು ದೊಡ್ಡ ತಪ್ಪು, ಏಕೆಂದರೆ ನಕಲು ಮಾಡಲು ಮುದ್ರೆಯಷ್ಟು ಸುಲಭವಾದದ್ದು ಬೇರೊಂದಿಲ್ಲ. ಜರ್ಮನಿಯ ಮೈಸೆನ್ ಕಾರ್ಖಾನೆ 1710ರಲ್ಲಿ ಆರಂಭವಾಯಿತು. ಅದರ ಅಡ್ಡಕತ್ತಿಗಳ ಗುರುತನ್ನು ಬೇರೆಯವರು ಎಷ್ಟೋ ಕಾಲದಿಂದ ಅನುಕರಿಸುತ್ತಲೇ ಬಂದಿದ್ದಾರೆ. ಇನ್ನೊಂದು ಸುಳಿವು ಹೆಚ್ಚು ಉಪಯುಕ್ತ: ಆಮದು ವಸ್ತುಗಳ ಮೇಲೆ ತಯಾರಾದ ದೇಶದ ಹೆಸರಿರಬೇಕೆಂಬ ಅಮೆರಿಕದ ನಿಯಮ 1891ರಲ್ಲಿ ಜಾರಿಗೆ ಬಂದುದರಿಂದ, ತಳದಲ್ಲಿ ದೇಶದ ಹೆಸರು ಇಂಗ್ಲಿಷಿನಲ್ಲಿದ್ದರೆ ವಸ್ತು ಬಹುಪಾಲು ಅದರ ನಂತರದ್ದು.

ಬಟ್ಟೆಗಳಲ್ಲಿ ಬಣ್ಣವೇ ಕಾಲಸೂಚಿ. ವಿಲಿಯಂ ಪರ್ಕಿನ್ 1856ರಲ್ಲಿ ಮೊದಲ ಕೃತಕ ಅನಿಲಿನ್ ಬಣ್ಣವಾದ ನೇರಳೆಯನ್ನು ಕಂಡುಹಿಡಿದ ಮೇಲೆ ಗಾಢವಾದ ರಾಸಾಯನಿಕ ಬಣ್ಣಗಳು ನೇಕಾರರ ಕೈಗೆ ಬಂದವು. ಅಂಥ ದಾರವಿರುವ ಬಟ್ಟೆಯನ್ನು ಅದಕ್ಕಿಂತ ಹಿಂದಿನದೆಂದು ಯಾರಾದರೂ ಹೇಳಿದರೆ ಒಪ್ಪುವಂತಿಲ್ಲ. ಬಟ್ಟೆಯ ಹಿಂಬದಿಯನ್ನು ತಿರುಗಿಸಿ ನೋಡಿದರೆ ಬೆಳಕಿಗೆ ಮಾಸದೆ ಉಳಿದ ಮೂಲ ಬಣ್ಣ ಕಾಣುತ್ತದೆ, ಗಂಟು ಹಾಕಿದ ಕೈಯ ರೂಢಿಯೂ ಕಾಣುತ್ತದೆ. ನೇರಳಾತೀತ ಟಾರ್ಚಿನ ಬೆಳಕಿನಲ್ಲಿ ನೀಲಿಯಾಗಿ ಪ್ರಜ್ವಲಿಸುವ ದಾರ ಇಪ್ಪತ್ತನೆಯ ಶತಮಾನದ ಮಧ್ಯಭಾಗದ ನಂತರದ್ದಾಗಿರಬಹುದು. ಆದರೆ ಇಂದಿನ ಬಟ್ಟೆಸೋಪಿನ ಪುಡಿಯಲ್ಲಿ ಒಮ್ಮೆ ತೊಳೆದ ಹಳೆಯ ಬಟ್ಟೆಯೂ ಹಾಗೆಯೇ ಹೊಳೆಯುವುದರಿಂದ ಈ ಒಂದೇ ಪರೀಕ್ಷೆಯಿಂದ ತೀರ್ಪು ಕೊಡಬಾರದು.

ಜನಪದ ಕಲೆಯ ವಿಷಯದಲ್ಲಿ ಮೇಲಿನ ಲೆಕ್ಕಾಚಾರಗಳು ಕೆಲವೊಮ್ಮೆ ತಲೆಕೆಳಗಾಗುತ್ತವೆ. ವರ್ಷ ವರ್ಷವೂ ಹೊಸದಾಗಿ ಬಣ್ಣ ಹಚ್ಚಿ ಆಚರಣೆಗೆ ಬಳಸಿದ ಮುಖವಾಡದಲ್ಲಿ ಆ ಬಣ್ಣದ ಪದರಗಳೇ ಅದರ ಬದುಕಿನ ದಾಖಲೆ. ಅವನ್ನು ಕೆರೆದು ‘ಮೂಲ ಬಣ್ಣ’ವನ್ನು ಹೊರತೆಗೆಯುವುದು ಆ ಬದುಕನ್ನು ಅಳಿಸಿದಂತೆ. ಇಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ ಇದು ಎಷ್ಟು ಹಳೆಯದು ಎಂಬುದಕ್ಕಿಂತ ಯಾರು, ಯಾರಿಗಾಗಿ, ಯಾವ ಕೆಲಸಕ್ಕಾಗಿ ಮಾಡಿದರು ಎಂಬುದು. ಮಾಡಿದವರು ಬದುಕಿದ್ದರೆ ಅವರ ಹೆಸರನ್ನು, ಅವರು ಆ ವಸ್ತುವಿಗೆ ಮತ್ತು ಅದರ ಭಾಗಗಳಿಗೆ ಬಳಸುವ ಪದಗಳನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ, ಅವರು ಕೇಳಿದ ಬೆಲೆಯನ್ನು ಕೊಡಿ. ಪ್ರಪಂಚದ ಎಷ್ಟೋ ಸಂಗ್ರಹಾಲಯಗಳಲ್ಲಿ ಜನಪದ ಕಲಾಕೃತಿಗಳ ಕೆಳಗೆ ‘ಕಲಾವಿದರು ಅಜ್ಞಾತ’ ಎಂದಿರುವುದಕ್ಕೆ ಬಹಳ ಬಾರಿ ಕಾರಣ, ಕೊಂಡವರು ಆ ಹೆಸರನ್ನು ಕೇಳದೇ ಹೋದದ್ದು. ಈ ಒಂದು ವಿಷಯದಲ್ಲಿ ನನಗೆ ಯಾವ ರಾಜಿಯೂ ಒಪ್ಪಿಗೆಯಿಲ್ಲ.

ವಸ್ತು ಎಲ್ಲಿಂದ ಬಂತು ಎಂಬುದನ್ನು ತಿಳಿಯದೆ ಕೊಳ್ಳಬಾರದು. ಸಾಂಸ್ಕೃತಿಕ ಸ್ವತ್ತಿನ ಅಕ್ರಮ ಸಾಗಾಟವನ್ನು ತಡೆಯುವ ಯುನೆಸ್ಕೊ ಒಡಂಬಡಿಕೆ 1970ರ ನವೆಂಬರಿನಲ್ಲಿ ಅಂಗೀಕಾರವಾಯಿತು. ಆ ವರ್ಷಕ್ಕಿಂತ ಮೊದಲೇ ವಸ್ತು ಮೂಲದೇಶವನ್ನು ಬಿಟ್ಟಿತ್ತೇ, ಅಥವಾ ಆಮೇಲೆ ಕಾನೂನುಬದ್ಧವಾಗಿ ಹೊರಬಂದಿತೇ ಎಂದು ಅನೇಕ ಸಂಗ್ರಹಾಲಯಗಳು ಇಂದು ಕೇಳುತ್ತವೆ. ದಂತ, ಆಮೆಚಿಪ್ಪು ಮತ್ತು ಕೆಲವು ಜಾತಿಯ ಮರಗಳಿಂದಾದ ವಸ್ತುಗಳಿಗೆ ಅಳಿವಿನಂಚಿನ ಪ್ರಾಣಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ, 1975ರಲ್ಲಿ ಜಾರಿಗೆ ಬಂದ ಸೈಟ್ಸ್ ಒಪ್ಪಂದದ ನಿರ್ಬಂಧಗಳು ಅನ್ವಯಿಸುತ್ತವೆ, ಆಯಾ ದೇಶದ ಕಾನೂನು ಇನ್ನೂ ಬಿಗಿಯಾಗಿರಬಹುದು. ಪೂಜಾಸ್ಥಳದಿಂದ ಕಿತ್ತುತಂದಂತೆ ಕಾಣುವ, ತಳದಲ್ಲಿ ಹೊಸದಾಗಿ ಮುರಿದ ಗುರುತಿರುವ ಶಿಲ್ಪ ಅಥವಾ ಹಸಿಮಣ್ಣು ಅಂಟಿರುವ ಪ್ರತಿಮೆ ಎದುರಾದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬಿಡಿ. ಕಳುವಾದ ಕಲಾಕೃತಿಗಳ ಇಂಟರ್‌ಪೋಲ್ ದತ್ತಾಂಶವನ್ನು ಸಾರ್ವಜನಿಕರೂ ಹುಡುಕಿ ನೋಡಬಹುದು. ಕೊಂಡಾಗ ರಸೀದಿಯಲ್ಲಿ ವಸ್ತುವಿನ ವಿವರಣೆ, ಅಂದಾಜು ಕಾಲ, ದುರಸ್ತಿಗಳು ಮತ್ತು ಹಿಂದಿನ ಒಡೆತನದ ವಿವರವನ್ನು ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿಯುವವರಿಂದ ಕೊಳ್ಳಬೇಡಿ.

ಮನೆಗೆ ತಂದ ಮೇಲೆ ತಕ್ಷಣ ಮಾಡಬಾರದ ಕೆಲಸವೆಂದರೆ ಉಜ್ಜಿ ತೊಳೆಯುವುದು. ನಾನು ಆರಂಭದ ದಿನಗಳಲ್ಲಿ ಪುಟ್ಟದೊಂದು ಕಂಚಿನ ಪ್ರತಿಮೆಯನ್ನು ಹುಳಿದ್ರಾವಣ ಹಾಕಿ ಫಳಫಳ ಹೊಳೆಯುವಂತೆ ಉಜ್ಜಿದೆ. ಹಲವು ತಲೆಮಾರುಗಳ ಕೈಗಳು ಕೊಟ್ಟ ಆ ಕಂದು ಮೆರುಗು ಅರ್ಧಗಂಟೆಯಲ್ಲಿ ಹೋಯಿತು. ಅದನ್ನು ಮರಳಿ ತರುವ ವಿದ್ಯೆ ಯಾರಲ್ಲಿಯೂ ಇಲ್ಲ, ಅದನ್ನು ನೋಡಿದಾಗಲೆಲ್ಲ ಇಂದಿಗೂ ಸಂಕಟವಾಗುತ್ತದೆ. ಮೆತ್ತನೆಯ ಒಣ ಕುಂಚದಿಂದ ಧೂಳನ್ನು ತೆಗೆಯುವಷ್ಟಕ್ಕೆ ನಿಲ್ಲಿಸಿ. ಬಣ್ಣದ ಪುಡಿ ಉದುರುತ್ತಿದ್ದರೆ ಅದನ್ನೂ ಮಾಡಬೇಡಿ. ಕಂಚಿನ ಮೇಲೆ ತಿಳಿಹಸಿರಿನ ಪುಡಿ ಮತ್ತೆ ಮತ್ತೆ ಏಳುತ್ತಿದ್ದರೆ ಅದು ಕ್ಲೋರೈಡಿನಿಂದಾಗುವ ಸವೆತ, ಅದಕ್ಕೆ ‘ಕಂಚಿನ ರೋಗ’ ಎನ್ನುತ್ತಾರೆ. ವಸ್ತುವನ್ನು ಒಣ ಜಾಗದಲ್ಲಿ ಬೇರೆಯಾಗಿಟ್ಟು ಸಂರಕ್ಷಣೆ ಬಲ್ಲವರಿಗೆ ತೋರಿಸಿ. ಹಳೆಯ ಬಣ್ಣಗಳಲ್ಲಿ ಸೀಸ, ಕೆಲವು ಹಳೆಯ ಹಸಿರುಗಳಲ್ಲಿ ಆರ್ಸೆನಿಕ್ ಇರುವುದುಂಟು. ಬಣ್ಣದ ಹಳೆಯ ಆಟಿಕೆಗಳನ್ನು ಮಕ್ಕಳ ಕೈಗೆ ಕೊಡಬೇಡಿ, ಮರಳುಕಾಗದದಿಂದ ಎಂದಿಗೂ ಉಜ್ಜಬೇಡಿ.

ಇಡುವ ಜಾಗದಲ್ಲಿ ತೇವಾಂಶ ಸುಮಾರು 45ರಿಂದ 55 ಶೇಕಡಾದೊಳಗೆ ಸ್ಥಿರವಾಗಿರುವುದು ಹೆಚ್ಚಿನ ವಸ್ತುಗಳಿಗೆ ಒಳ್ಳೆಯದು. 65 ಶೇಕಡಾ ದಾಟಿದರೆ ಬೂಷ್ಟು ಬೆಳೆಯತೊಡಗುತ್ತದೆ. ದಿಢೀರನೆ ಆಗುವ ಏರಿಳಿತವೇ ಮರವನ್ನು ಸೀಳುತ್ತದೆ. ಬಟ್ಟೆ ಮತ್ತು ಕಾಗದಕ್ಕೆ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಪ್ರಮಾಣವನ್ನು ಅಳೆಯುವ ಮಾನ) ಹೆಚ್ಚಿನ ಬೆಳಕು ಬೇಡ. ಬೆಳಕು ಮಾಡಿದ ಹಾನಿ ಕೂಡುತ್ತಲೇ ಹೋಗುತ್ತದೆ, ಕತ್ತಲಲ್ಲಿಟ್ಟ ಮಾತ್ರಕ್ಕೆ ಗುಣವಾಗುವುದಿಲ್ಲ. ಮರದ ವಸ್ತುವಿನ ಕೆಳಗೆ ಹೊಸ ಪುಡಿ ಬಿದ್ದಿದ್ದರೆ ಹುಳು ಇನ್ನೂ ಜೀವಂತವಾಗಿದೆಯೆಂದು ಅರ್ಥ. ಹೊಸದಾಗಿ ಬಂದ ಪ್ರತಿಯೊಂದು ವಸ್ತುವನ್ನೂ ಮೊದಲ ಕೆಲವು ವಾರ ಉಳಿದವುಗಳಿಂದ ದೂರವಿಡಿ. ಉಣ್ಣೆ ಮತ್ತು ಬಟ್ಟೆಯನ್ನು ಪಾಲಿಥೀನಿನಲ್ಲಿ ಗಾಳಿಯಾಡದಂತೆ ಸುತ್ತಿ ಮೈನಸ್ 20 ಡಿಗ್ರಿಯಲ್ಲಿ ಒಂದೆರಡು ವಾರ ಇಟ್ಟರೆ ಹುಳು ಮೊಟ್ಟೆಸಮೇತ ಸಾಯುತ್ತದೆ, ಆದರೆ ಬಣ್ಣ ಬಳಿದ ಮರ, ದಂತ, ಗಾಜುಗಳಿಗೆ ಈ ಉಪಾಯ ಸಲ್ಲದು.

ಕೊನೆಗೆ ದಾಖಲೆ. ಕಳುವಾದ ವಸ್ತುಗಳನ್ನು ಗುರುತಿಸಲು 1997ರಲ್ಲಿ ರೂಪುಗೊಂಡ ‘ಆಬ್ಜೆಕ್ಟ್ ಐಡಿ’ ಎಂಬ ಮಾನದಂಡ ಕೇಳುವ ಪ್ರಶ್ನೆಗಳು ಮನೆಯ ಸಂಗ್ರಹಕ್ಕೂ ಸಾಕು: ಯಾವ ಬಗೆಯ ವಸ್ತು, ಯಾವುದರಿಂದ ಮತ್ತು ಹೇಗೆ ಮಾಡಿದ್ದು, ಅಳತೆ ಎಷ್ಟು, ಯಾವ ಬರಹ ಅಥವಾ ಮುದ್ರೆಗಳಿವೆ, ಬೇರೆ ಯಾವುದರಲ್ಲಿಯೂ ಕಾಣದ ಗುರುತು ಯಾವುದು, ಮಾಡಿದವರು ಯಾರು, ಕಾಲ ಯಾವುದು. ಇವುಗಳಿಗೆ ಕೊಂಡ ದಿನ, ಬೆಲೆ, ಹೇಳಿದವರ ಮಾತು ಎಂಬ ಮೂರನ್ನು ನೀವೇ ಸೇರಿಸಿ. ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ಎಲ್ಲ ಬದಿಗಳ ಚಿತ್ರ ತೆಗೆಯಿರಿ, ತಳದ ಚಿತ್ರವನ್ನು ಮರೆಯದೆ ತೆಗೆಯಿರಿ. ಒಂದು ಕ್ರಮಸಂಖ್ಯೆ ಕೊಟ್ಟು, ಅದನ್ನು ವಸ್ತುವಿನ ಮೇಲೆ ಶಾಯಿಯಿಂದ ಬರೆಯದೆ, ಹತ್ತಿದಾರದಲ್ಲಿ ಕಟ್ಟಿದ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ದಾಖಲೆಯ ಇನ್ನೊಂದು ಪ್ರತಿಯನ್ನು ಸಂಗ್ರಹವಿರುವ ಮನೆಯ ಹೊರಗೆ, ನಂಬುವವರೊಬ್ಬರ ಬಳಿ ಇಡಿ.