ಆನ್‌ಲೈನ್ ಬಿಸಿನೆಸ್ ಮ್ಯಾನೇಜರ್ ಇದ್ದರೂ ಇಮೇಲ್‌ಗಳು ನನ್ನ ಬಳಿಯೇ ನಿಲ್ಲುತ್ತಿದ್ದಾಗ

ಮ್ಯಾನೇಜರ್ ಒಬ್ಬರನ್ನು ನೇಮಿಸಿಕೊಂಡ ಮೇಲೂ ಗ್ರಾಹಕರಿಗೆ ಉತ್ತರ ತಡವಾಗುತ್ತಲೇ ಇತ್ತು. ಅವರು ನನ್ನ ಜಿಮೇಲ್ ಖಾತೆಗೆ ಲಾಗಿನ್ ಆಗುವಾಗಲೆಲ್ಲ ದೃಢೀಕರಣದ ಕೋಡ್ ನನ್ನ ಫೋನಿಗೆ ಬರುತ್ತಿತ್ತು, ಒಳಹೊಕ್ಕ ಮೇಲೂ ಪ್ರತಿಯೊಂದಕ್ಕೂ ನನ್ನ ಒಪ್ಪಿಗೆಗಾಗಿ ಕಾಯುತ್ತಿದ್ದರು. ಪಾಸ್‌ವರ್ಡ್ ಹಂಚಿಕೊಂಡದ್ದಾಗಲಿ, ದಿನವೂ ವಿಡಿಯೊ ಕರೆ ನಡೆಸಿದ್ದಾಗಲಿ ಫಲಿಸಲಿಲ್ಲ. ಇಮೇಲ್‌ಗಳನ್ನು ಫಾರ್ವರ್ಡ್ ಮಾಡಿದಾಗ ಉತ್ತರ ಅವರ ವಿಳಾಸದಿಂದ ಹೋಗಿ ಗ್ರಾಹಕರು ಗೊಂದಲಗೊಂಡರು.

ಕೊನೆಗೆ, ಕೇಳದೆ ಮಾಡಬಹುದಾದದ್ದು, ಮಾಡಿ ತಿಳಿಸಬೇಕಾದದ್ದು, ಕೇಳಿಯೇ ಮಾಡಬೇಕಾದದ್ದು ಎಂಬ ಮೂರು ಕಾಲಮ್‌ಗಳ ಒಂದು ಪುಟವನ್ನು ಸಿದ್ಧಪಡಿಸಿದೆ. ವಿತರಣೆಯ ದಿನ ಬದಲಿಸುವುದು ಮೊದಲನೆಯದರಲ್ಲಿ, ಹಾಳಾದ ವಸ್ತುವಿಗೆ ಬದಲಿ ಕಳುಹಿಸುವುದು ಎರಡನೆಯದರಲ್ಲಿ, ಬೆಲೆ ಇಳಿಸುವುದು ಮೂರನೆಯದರಲ್ಲಿ ಸೇರಿದವು. ಈ ಪುಟ ಮೊದಲು, ಖಾತೆಗೆ ಪ್ರವೇಶ ಕೊಡುವುದು ನಂತರ. ಕ್ರಮ ತಿರುಗಿಸಿದರೆ ಕೋಡ್‌ನ ಕಾಟ ತಪ್ಪುತ್ತದೆಯೇ ಹೊರತು ಕೇಳುವುದು ನಿಲ್ಲುವುದಿಲ್ಲ.

ಬಳಿಕ ಕಂಪ್ಯೂಟರಿನಲ್ಲಿಯೇ (ಮೊಬೈಲ್ ಆ್ಯಪ್‌ನಿಂದ ಇದು ಆಗದು) ಜಿಮೇಲ್ ತೆರೆದು, 'ಸೀ ಆಲ್ ಸೆಟ್ಟಿಂಗ್ಸ್', 'ಅಕೌಂಟ್ಸ್ ಆ್ಯಂಡ್ ಇಂಪೋರ್ಟ್', 'ಗ್ರ್ಯಾಂಟ್ ಆ್ಯಕ್ಸೆಸ್ ಟು ಯುವರ್ ಅಕೌಂಟ್' ಎಂಬ ಕ್ರಮದಲ್ಲಿ ಹೋಗಿ, 'ಆ್ಯಡ್ ಅನದರ್ ಅಕೌಂಟ್' ಒತ್ತಿ ಅವರ ವಿಳಾಸ ಸೇರಿಸಿದೆ. ಅವರು ಆಹ್ವಾನವನ್ನು ಒಂದು ವಾರದೊಳಗೆ ಒಪ್ಪಬೇಕು. ಜಾರಿಗೆ ಬರಲು 24 ಗಂಟೆಗಳವರೆಗೂ ಹಿಡಿಯಬಹುದು. ಈ ವ್ಯವಸ್ಥೆಯಲ್ಲಿ ಅವರು ಇಮೇಲ್ ಓದಬಲ್ಲರು, ಕಳುಹಿಸಬಲ್ಲರು, ಅಳಿಸಲೂಬಲ್ಲರು. ಪಾಸ್‌ವರ್ಡ್ ಮಾತ್ರ ಬದಲಿಸಲಾರರು.